ಬರೆದವರು: ತನುಜಾ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಿಂತು ತಾಮ್ರದ ಹಂಡೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಹತ್ತು ಕೈಗಳು ಪರಮೇಶ್ವರಪ್ಪನವರ ಅಂಗಡಿಯತ್ತಲೇ ಏಳುತ್ತಿದ್ದ ಕಾಲ ಅದು. ಆ ಅಂಗಡಿಯ ಪ್ರಸ್ತಾಪ ಬಂದರೆ ಜನ ಇವತ್ತಿಗೂ ಪರಮೇಶ್ವರಪ್ಪನವರ ಮಾತು ತೆಗೆಯುತ್ತಾರೆ, ಅವರ ಒಬ್ಬನೇ ಮಗ ಜ್ಞಾನೇಶನ ಮಾತು ತೆಗೆಯುತ್ತಾರೆ. ಸೊಸೆ ತನುಜಾಳ ಮಾತನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಹಾಗಾಗಿ ಅವಳದನ್ನೇ ಹೇಳೋಣ, ಕೇಳಿ.

ತನುಜಾ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ. ಅಪ್ಪ ಕಾಗದ ಕಾರ್ಖಾನೆಯಲ್ಲಿ ಗುಮಾಸ್ತರು. ಗಾಳಿ ತಿರುಗಿದ ದಿನ ಕಾರ್ಖಾನೆಯ ವಾಸನೆ ಊಟದ ತಟ್ಟೆಯವರೆಗೂ ಬಂದು ಕೂರುತ್ತಿತ್ತು. ಕ್ವಾರ್ಟರ್ಸಿನವರಿಗೆ ಅದು ವಾಸನೆ ಅಂತಲೇ ಅನ್ನಿಸುತ್ತಿರಲಿಲ್ಲ. ತಾಯಿ ಶಕುಂತಲಮ್ಮ ಅಲ್ಲಿನ ಸಹಕಾರ ಅಂಗಡಿಯಲ್ಲಿ ತಕ್ಕಡಿ ಹಿಡಿದು ನಿಲ್ಲುತ್ತಿದ್ದ ಹೆಂಗಸು. ತಮಿಳಿನವಳ ಜತೆ ತಮಿಳಿನಲ್ಲಿ ಜಗಳ, ತೆಲುಗಿನವಳ ಜತೆ ತೆಲುಗಿನಲ್ಲಿ ತಮಾಷೆ, ಸಾಲಿನಲ್ಲಿ ನುಗ್ಗಿದವನಿಗೆ ಅಚ್ಚಗನ್ನಡದಲ್ಲಿ ಬೈಗುಳ. ಮಗಳು ಆ ಗೋಣಿಚೀಲಗಳ ಮೇಲೆ ಕೂತು ಹೋಂವರ್ಕ್ ಮಾಡಿದವಳು. ವ್ಯಾಪಾರ ಅಂದರೆ ಮಾತು, ಮಾತು ಬಲ್ಲವರು ಕೌಂಟರಿನ ಹಿಂದೆ ನಿಲ್ಲುತ್ತಾರೆ, ಅದರಲ್ಲಿ ಗಂಡು ಹೆಣ್ಣು ಅಂತ ಏನಿದೆ ಎಂದುಕೊಂಡೇ ಬೆಳೆದಳು. ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಎರಡು ಸಾವಿರದ ಒಂದರಲ್ಲಿ ಮದುವೆಯಾಗಿ ಗಾಂಧಿ ಬಜಾರಿನ ಮನೆಗೆ ಬಂದಳು.

ಈ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆ ಹಿಂದೆ, ಅಂಗಡಿ ಮುಂದೆ, ನಡುವೆ ಒಂದು ಬಾಗಿಲು. ಮನೆಯ ಹೆಂಗಸರು ಆ ಬಾಗಿಲು ದಾಟುವುದು ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಗೆ. ಆರತಿ ಎತ್ತಿ, ಗಲ್ಲಾಪೆಟ್ಟಿಗೆಗೆ ಕುಂಕುಮ ಹಚ್ಚಿ, ಬಂದ ದಾರಿಯಲ್ಲೇ ವಾಪಸ್ಸು. ತನುಜಾ ಮೊದಲ ವರ್ಷ ಆರತಿ ಮುಗಿಸಿ ಹಂಡೆಯೊಂದರ ಕಂಠ ಮುಟ್ಟಿ ನೋಡುತ್ತ ನಿಂತಿದ್ದಕ್ಕೆ ಅತ್ತೆ ಜಗದಾಂಬಾ ಸೆರಗು ಜಗ್ಗಿ, "ಗಿರಾಕಿ ಬರೋ ಹೊತ್ತಾಯ್ತು, ನಡಿಯೇ ಒಳಗೆ" ಅಂದಿದ್ದರು. ಬೈದದ್ದೇನೂ ಅಲ್ಲ. ಬಾಗಿಲಿಗೆ ಬೆಕ್ಕು ಬಂದರೆ ಹೇಳುವಷ್ಟೇ ಸಲೀಸಾಗಿ ಹೇಳಿದ್ದು. ಅದೇ ತನುಜಾಳಿಗೆ ಹೆಚ್ಚು ಚುಚ್ಚಿತ್ತು.

ಇನ್ನು ವೆಬ್‌ಸೈಟಿನ ವಿಷಯಕ್ಕೆ ಬರೋಣ.

ಎರಡು ಸಾವಿರದ ಐದರಲ್ಲಿ ಜ್ಞಾನೇಶನ ಕಾಲೇಜು ಗೆಳೆಯ ಶಿವಪ್ರಸಾದ್ ದುರ್ಗಿಗುಡಿಯಲ್ಲಿ ಒಂದು ಕಂಪ್ಯೂಟರ್ ಕಂಪನಿ ತೆರೆದು, ಮೊದಲ ಬೋಣಿಯಾಗಿ ಈ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಹಂಡೆ, ಕೊಪ್ಪರಿಗೆ, ಕಡಾಯಿಗಳ ಫೋಟೊ, ಕೆಳಗೆ ಕನ್ನಡದಲ್ಲಿ ಹೆಸರು, ರೇಟು. ಆ ಕನ್ನಡ ಅಕ್ಷರಗಳೂ ಚಿತ್ರಗಳೇ. ಒಂದು ರೇಟು ತಿದ್ದಬೇಕೆಂದರೆ ಹೊಸ ಚಿತ್ರ ಮಾಡಿ ಅಂಟಿಸಬೇಕು. ಎರಡು ವರ್ಷ ಯಾರೂ ತಿದ್ದಲಿಲ್ಲ. ಅಷ್ಟರಲ್ಲಿ ತಾಮ್ರದ ಬೆಲೆ ಹುಚ್ಚೆದ್ದು ಕುಣಿಯತೊಡಗಿತು. ಬೆಳಿಗ್ಗೆ ಇದ್ದದ್ದು ಸಂಜೆಗಿಲ್ಲ. ಪರಮೇಶ್ವರಪ್ಪನವರು ದಿನಾ ಅಂಗಡಿ ತೆರೆದ ಕೂಡಲೇ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆವತ್ತಿನ ರೇಟು ಬರೆದು, ಕೈ ಒರೆಸಿಕೊಂಡು, ಆಮೇಲೇ ವಿಭೂತಿ ಗಟ್ಟಿ ಮುಟ್ಟುತ್ತಿದ್ದರು.

ಅಂಥದ್ದೊಂದು ದಿನ ಶಿರಸಿ ಕಡೆಯಿಂದ ಒಬ್ಬರು ಬಂದರು. ಅಡಿಕೆ ಬೇಯಿಸುವ ದೊಡ್ಡ ಹಂಡೆ ಬೇಕಿತ್ತು. ಬೋರ್ಡು ನೋಡಿದವರೇ ಜೇಬಿನಿಂದ ಒಂದು ಪ್ರಿಂಟು ತೆಗೆದು ಬಿಡಿಸಿದರು.

"ಇದು ನಿಮ್ಮ ಅಂಗಡಿ ಹೆಸರೇ ಹೌದೋ ಅಲ್ವೋ ಯಜಮಾನ್ರೆ?"

"ನಮ್ಮದೇ."

"ಹಾಗಾದ್ರೆ ಇದರ ಕೆಳಗಿರೋ ರೇಟು ಯಾರದ್ದು? ಪಕ್ಕದ ಅಂಗಡಿಯವರದ್ದೋ?"

ಪರಮೇಶ್ವರಪ್ಪನವರು ಕಾಗದ ನೋಡಿದರು, ಮಗನ ಮುಖ ನೋಡಿದರು. ತನ್ನ ಹೆಸರಿನ ಕೆಳಗೆ ಬರೆದದ್ದು ತನ್ನ ನಾಲಿಗೆ ಆಡಿದ್ದೇ ಎಂದು ನಂಬಿದ ಮನುಷ್ಯ. ಎರಡು ವರ್ಷದ ಹಿಂದಿನ ರೇಟಿಗೇ ಹಂಡೆ ತೂಗಿ ಕೊಟ್ಟರು. ಗಿರಾಕಿ ಹೋದ ಮೇಲೆ ಜ್ಞಾನೇಶ ಶಿವಪ್ರಸಾದನಿಗೆ ಫೋನ್ ಹಚ್ಚಿದ. "ಚಿತ್ರ ಮಾಡೋ ಹುಡುಗಿ ರಜೆ ಮೇಲಿದ್ದಾಳೆ ಗುರುವೇ, ಮುಂದಿನ ವಾರ" ಎಂಬ ಉತ್ತರ ಬಂತು.

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಪರಮೇಶ್ವರಪ್ಪನವರ ಸಿಟ್ಟು ಇಳಿದಿರಲಿಲ್ಲ. "ಅಲ್ಲೋ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ನಾನು ಬರೀತೀನಿ, ಬೇಡ ಅಂದ್ರೆ ಅಳಿಸ್ತೀನಿ. ಈ ಕಂಪ್ಯೂಟರಿನ ಬೋರ್ಡಿನ ಮೇಲೆ ಹಂಗೆ ಬರೆಯೋಕೆ ಆಗಲ್ಲ ಅಂದ್ರೆ ಅದೆಂಥ ವಿದ್ಯೆನೋ ಮಾರಾಯ?"

ಜ್ಞಾನೇಶ ಮುದ್ದೆ ಮುರಿಯುತ್ತಿದ್ದ. ಸಾರು ಬಡಿಸುತ್ತಿದ್ದ ತನುಜಾ ಸೌಟು ಹಿಡಿದುಕೊಂಡೇ, "ಆಗುತ್ತೆ ಮಾವ" ಅಂದಳು.

"ಏನಾಗುತ್ತೆ?"

"ಹಂಗೆ ಬರೆಯೋಕಾಗುತ್ತೆ. ಮನೇಲೇ ಕೂತು, ದಿನಾ ಬೇಕಾದ್ರೂ."

ಜ್ಞಾನೇಶ ನಕ್ಕ. "ನೀನು ಬರೀತೀಯಾ? ಸಾರಿಗೆ ಉಪ್ಪು ಹಾಕಿದೀಯಾ ನೋಡು ಮೊದ್ಲು."

"ತಡಿಯೋ" ಎಂದರು ಪರಮೇಶ್ವರಪ್ಪನವರು. "ಬರುತ್ತೆ ಅಂತಿದ್ದಾಳಲ್ಲ. ವಿಚಾರಿಸಿ ಹೇಳಲಿ. ಉಪ್ಪು ಸರಿಯಾಗೇ ಇದೆ."

ಆ ಒಂದು ಮಾತು ಸಾಕಾಯಿತು ನೋಡಿ. ನಡುವಿನ ಬಾಗಿಲು ದಾಟುವಂತಿಲ್ಲ, ಸರಿ. ಆದರೆ ಈ ಇನ್ನೊಂದು ಅಂಗಡಿಗೆ ಬಾಗಿಲೇ ಇಲ್ಲವಲ್ಲ! ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತೇ ಅದರ ಕೌಂಟರಿನ ಹಿಂದೆ ನಿಲ್ಲಬಹುದು, ಬಂದವರನ್ನು ಮಾತಾಡಿಸಬಹುದು. ಆರು ವರ್ಷದಲ್ಲಿ ಮೊದಲ ಸಲ ತನುಜಾಳಿಗೆ ತನ್ನ ಅಮ್ಮನ ತಕ್ಕಡಿ ತನ್ನ ಕೈಗೆ ಬಂದ ಹಾಗಾಯಿತು.

ತವರಿಗೆ ಹೋಗುವ ನೆಪ ಮಾಡಿ ಭದ್ರಾವತಿ ಬಸ್ಸು ಹತ್ತಿದಳು. ಕಾಗದನಗರದಲ್ಲಿ ಭೀಮೇಶ್ ಅಂತ ಒಬ್ಬ ಸೈಬರ್ ಸೆಂಟರ್ ಇಟ್ಟಿದ್ದ. ಕಾರ್ಖಾನೆಯ ಕೂಲಿಕಾರರ ಮಗ, ಇವಳ ಹಿಂದಿನ ಬೀದಿಯವನು, ಚಿಕ್ಕಂದಿನಿಂದ ಇವಳನ್ನು ಅಕ್ಕ ಎಂದೇ ಕರೆದವನು. ವಿಷಯ ಕೇಳಿ ಕುರ್ಚಿ ಎಳೆದು ಕೂರಿಸಿದ.

"ತನುಜಕ್ಕ, ನಿಮಗೆ ಬೇಕಿರೋದಕ್ಕೆ ಸಿ.ಎಂ.ಎಸ್. ಅಂತಾರೆ. ವೆಬ್‌ಸೈಟಿನ ಹಿಂದೆ ಒಂದು ಅಡುಗೆಮನೆ ಇದ್ದಂಗೆ. ನೀವು ಅಲ್ಲಿ ಬರೆದು ಬಡಿಸಿದ್ರೆ ಮುಂದುಗಡೆ ಊಟಕ್ಕೆ ಕೂತೋರಿಗೆ ಕಾಣುತ್ತೆ."

"ಅಡುಗೆಮನೆ ಬಿಟ್ಟು ಬೇರೆ ಹೋಲಿಕೆ ಸಿಗ್ಲಿಲ್ವೇನೋ ನಿನಗೆ?"

"ಸರಿ, ಪ್ರೆಸ್ಸು ಅನ್ನಿ. ಜೋಡಿಸೋರು ನೀವೇ, ಅಚ್ಚು ಹಾಕೋರು ನೀವೇ."

ಇಬ್ಬರೂ ಕೂತು ಮೂರು ಬಗೆಯದನ್ನು ಹಾಕಿ ನೋಡಿದರು. ವರ್ಡ್‌ಪ್ರೆಸ್ ಹಗುರ, ಕೈಗೆ ಬೇಗ ಒಗ್ಗಿತು. ಆದರೆ ಆಗಿನ ಕಾಲಕ್ಕೆ ಅದು ದಿನಚರಿ ಬರೆಯುವವರ ಸ್ನೇಹಿತ, ಪಾತ್ರೆಗಳನ್ನು ಸಾಲಾಗಿ ಜೋಡಿಸಿಡಲು ತಿಣುಕಬೇಕಿತ್ತು. ಡ್ರುಪಲ್ ಬಲಶಾಲಿ, ಏನು ಹೇಳಿದರೂ ಮಾಡುತ್ತಿತ್ತು. ಹೇಳುವುದನ್ನು ಕಲಿಯಲಿಕ್ಕೇ ಒಂದು ವರ್ಷ ಬೇಕು. ಜೂಮ್ಲಾ ನಡುವಿನದು. ಹಂಡೆಗೊಂದು ವಿಭಾಗ, ಕಡಾಯಿಗೊಂದು ವಿಭಾಗ, ಪ್ರತಿ ಬರಹದ ಕೆಳಗೆ ಬರೆದವರ ಹೆಸರು. ಮೂರೂ ಪುಕ್ಕಟೆ. ಕನ್ನಡವನ್ನು ಚಿತ್ರ ಮಾಡದೆ ಅಕ್ಷರವಾಗಿಯೇ ಹೊಡೆಯಬಹುದು. ಪರೀಕ್ಷೆಗೆಂದು ತನುಜಾ ಒಂದು ಪುಟ ಬರೆದಳು: ಹಂಡೆಯ ತಳಕ್ಕೆ ದಪ್ಪ ತಗಡು ಏಕೆ ಬೇಕು, ಹುಳಿ ಅಡುಗೆಯ ಪಾತ್ರೆಗೆ ಕಲಾಯಿ ಯಾವಾಗ ಹಾಕಿಸಬೇಕು, ಕಿಲುಬು ಕಂಡರೆ ಏನು ಮಾಡಬೇಕು. ಅಂಗಡಿಯ ಬಾಗಿಲ ಈಚೆ ಕೂತು ವರ್ಷಗಟ್ಟಲೆ ಮಾವ ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಕೇಳಿ ಕಲಿತದ್ದು. ಒಂದು ಗುಂಡಿ ಒತ್ತಿದಳು. ಪುಟ ಬಂತು. ಭೀಮೇಶನ ಪಕ್ಕದ ಕಂಪ್ಯೂಟರಿನಲ್ಲೂ ಬಂತು. ತನುಜಾ ಎದ್ದು ಹೋಗಿ ಆ ಕಂಪ್ಯೂಟರಿನ ಮುಂದೆ ಗಿರಾಕಿಯ ಹಾಗೆ ನಿಂತು ತನ್ನದೇ ಬರಹ ಓದಿದಳು.

ಊರಿಗೆ ಬಂದು ಜೂಮ್ಲಾ ಎಂದಳು. ಜ್ಞಾನೇಶ ಒಪ್ಪಲಿಲ್ಲ. ಶಿವಪ್ರಸಾದ್ ತನ್ನ ಕಂಪನಿಯದೇ ಒಂದು ವ್ಯವಸ್ಥೆ ಮಾಡಿದ್ದ. ಬದಲಾವಣೆ ಏನೇ ಇದ್ದರೂ ಆಫೀಸಿಗೆ ಫೋನ್ ಮಾಡಿದರೆ ಅವರೇ ಬದಲಾಯಿಸುತ್ತಾರೆ.

"ಪುಕ್ಕಟೆ ಸಿಗೋದಕ್ಕೆ ವಾರಸುದಾರ ಯಾರು ಅಪ್ಪಾಜಿ? ನಾಳೆ ಕೆಟ್ಟರೆ ಯಾರ ಕೊರಳುಪಟ್ಟಿ ಹಿಡಿಯೋದು? ಶಿವಪ್ರಸಾದ ಆದ್ರೆ ಇಲ್ಲೇ ಇದ್ದಾನೆ."

"ಹೋದ ಸಲನೂ ಇಲ್ಲೇ ಇದ್ನಲ್ರೀ" ಎಂದಳು ತನುಜಾ.

"ನಿನ್ನ ಯಾರು ಕೇಳಿದ್ರು ಈಗ?"

ಗಂಡ ಹೆಂಡತಿಯ ನಡುವೆ ವಾರಗಟ್ಟಲೆ ಇದೇ ತಿಕ್ಕಾಟ. ಅತ್ತೆಗೆ ತಲೆಬಿಸಿ. ಕೊನೆಗೆ ಪರಮೇಶ್ವರಪ್ಪನವರು ಆ ಮನೆಯಲ್ಲಿ ಎಲ್ಲ ದೊಡ್ಡ ತೀರ್ಮಾನಗಳೂ ಆಗುವ ರೀತಿಯಲ್ಲೇ ಇದನ್ನೂ ಮಾಡಿದರು. ಮನೆದೇವರು ವೀರಭದ್ರನಿಗೆ ಹೂ ಕೇಳಿಬಿಡೋಣ ಎಂದರು.

ಹೂ ಕೇಳುವುದೆಂದರೆ ಹೀಗೆ: ಬಾಳೆಎಲೆಯ ಎರಡು ಚೂರು, ಒಂದರಲ್ಲಿ ಬಿಳಿ ಹೂವು, ಒಂದರಲ್ಲಿ ಕೆಂಪು ಹೂವು. ಒಂದೇ ಗಾತ್ರಕ್ಕೆ ಮಡಿಸಿ, ದಾರ ಸುತ್ತಿ, ದೇವರ ಮುಂದೆ ಚೆಲ್ಲುವುದು. ಏನೂ ಅರಿಯದ ಕೂಸು ಒಂದನ್ನು ಎತ್ತಿದರೆ ಅದೇ ಅಪ್ಪಣೆ. ಜ್ಞಾನೇಶನಿಗೆ ಹೆಣ್ಣು ಆರಿಸಿದ್ದೂ ಹಾಗೇ, ಅಂಗಡಿಗೆ ಇನ್ನೊಂದು ಮಳಿಗೆ ಸೇರಿಸಬೇಕೋ ಬೇಡವೋ ಎಂದು ನೋಡಿದ್ದೂ ಹಾಗೇ. ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಪರಮೇಶ್ವರಪ್ಪನವರು ಗಟ್ಟಿಯಾಗಿ ಹೇಳಿದರು: "ಸ್ವಾಮಿ, ಬಿಳಿ ಬಂದ್ರೆ ಸೊಸೆ ಹೇಳಿದ್ದು. ಅದರ ಹೆಸರೇನಮ್ಮಾ?"

"ಜೂಮ್ಲಾ, ಮಾವ."

"ಜುಮಲಾ. ಕೆಂಪು ಬಂದ್ರೆ ಶಿವಪ್ರಸಾದಂದು. ನಿನ್ನ ಚಿತ್ತ."

ತನುಜಾಳ ನಾಲ್ಕು ವರ್ಷದ ಮಗಳು ಇಂಪನಾ ಎರಡೂ ಪೊಟ್ಟಣಗಳನ್ನು ಎತ್ತಲು ಹೋಗಿ, ಅಜ್ಜಿಯಿಂದ ಬೈಸಿಕೊಂಡು, ಮೂತಿ ಊದಿಸಿ ಒಂದನ್ನು ಎತ್ತಿಕೊಟ್ಟಳು. ಬಿಚ್ಚಿದರೆ ನಂದಿಬಟ್ಟಲು. ಅಚ್ಚ ಬಿಳಿ.

ಜ್ಞಾನೇಶ ಎದ್ದು ಅಂಗಡಿಗೆ ಹೋದ. ತನುಜಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕಳು. ದೇವರೇ ಹೇಳಿದ ಮೇಲೆ ಇನ್ನು ಯಾರ ಭಯ ಎಂದುಕೊಂಡಳು. ಪಾಪ.

ಮುಂದಿನ ವಾರ ಭೀಮೇಶ್ ಭದ್ರಾವತಿಯಿಂದ ಬಂದು ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಜೋಡಿಸಿಕೊಟ್ಟ. ಪರಮೇಶ್ವರಪ್ಪನವರು, ಜಗದಾಂಬಾ, ಜ್ಞಾನೇಶ ಹಿಂದೆ ಸಾಲಾಗಿ ನಿಂತಿದ್ದರು. ಜೂಮ್ಲಾದಲ್ಲಿ ಕೆಲಸಗಾರರಿಗೆ ಮೆಟ್ಟಿಲುಗಳಿವೆ. ಎಲ್ಲರಿಗಿಂತ ಮೇಲಿನವನಿಗೆ ಸಕಲ ಅಧಿಕಾರ. ಅವನ ಕೆಳಗಿನವನು ನಿರ್ವಾಹಕ. ಕೆಳಗಿನ ಮೆಟ್ಟಿಲಿನಲ್ಲಿ ಬರೆಯುವವರು. ಬರೆಯುವವರು ಬರೆಯಬಹುದು ಅಷ್ಟೇ. ಮೇಲಿನವರು ಒಪ್ಪಿ ಗುಂಡಿ ಒತ್ತುವ ತನಕ ಅದು ಯಾರಿಗೂ ಕಾಣದು.

"ಮೇಲೆ ಯಾರ ಹೆಸರು ಹಾಕ್ಲಿ?" ಎಂದ ಭೀಮೇಶ್.

ತನುಜಾ ಒಂದು ಕ್ಷಣವೂ ಯೋಚಿಸಲಿಲ್ಲ. ಮದುವೆ ಕರೆಯೋಲೆಯಲ್ಲಿ ಮೊದಲು ಯಾರ ಹೆಸರು? ಕರೆಂಟು ಬಿಲ್ಲು, ಫೋನು, ಅಂಗಡಿಯ ಬೋರ್ಡು ಯಾರ ಹೆಸರಲ್ಲಿ? "ಮಾವಂದು ಹಾಕು" ಎಂದಳು. "ಆಮೇಲೆ ಇವರದು. ನಂದು ಕೆಳಗೆ."

ಭೀಮೇಶ್ ದನಿ ತಗ್ಗಿಸಿದ. "ಅಕ್ಕಾ, ಬರೆಯೋರು ನೀವು, ನಡೆಸೋರು ನೀವು. ಮೇಲೆ ನೀವೇ ಇರಿ. ಇದೇನು ಲಗ್ನಪತ್ರಿಕೆ ಅಲ್ಲ."

"ಸುಮ್ನಿರೋ, ಹಿಂದೆ ನಿಂತಿದ್ದಾರೆ. ಮೂರೂ ಪಾಸ್‌ವರ್ಡು ನನ್ನ ಹತ್ರನೇ ಇರುತ್ತಲ್ಲ, ಹೆಸರು ಯಾರದ್ದಾದ್ರೇನು?"

ಮೇಲಿನ ಹೆಸರಿಗೆ ಒಂದು ಇ-ಮೇಲ್ ವಿಳಾಸ ಬೇಕೆಂದಿತು ಯಂತ್ರ. ಪರಮೇಶ್ವರಪ್ಪನವರಿಗೆ ಅಂಥದ್ದು ಎಲ್ಲಿಂದ ಬರಬೇಕು? ಅಂಗಡಿಯ ವಿಳಾಸವನ್ನೇ ಕೊಟ್ಟಳು. ಅದನ್ನು ದಿನಾ ತೆರೆದು ನೋಡುತ್ತಿದ್ದವನು ಜ್ಞಾನೇಶ. ಪರದೆಯ ಮೇಲೆ ತಮ್ಮ ಹೆಸರು ಎಲ್ಲಕ್ಕಿಂತ ಮೇಲೆ ಮೂಡಿದ್ದು ನೋಡಿ ಮಾವನ ಮುಖ ಅರಳಿತು. "ಒಳ್ಳೆ ಮನೆತನದ ಹುಡುಗಿ" ಎಂದರು ಹೆಂಡತಿಗೆ. ಆ ಹೊಗಳಿಕೆ ತನುಜಾಳಿಗೆ ಹಿತವಾಗಿತ್ತು. ಮುಂದೆ ಅದನ್ನು ನೆನೆದಾಗಲೆಲ್ಲ ಬಾಯಿ ಕಹಿಯಾಗುತ್ತಿತ್ತು.

ಒಂದು ವರ್ಷ ಚೆನ್ನಾಗಿ ನಡೆಯಿತು. ಮಾವನ ಹೆಸರಿನಲ್ಲಿ ಒಳಹೊಕ್ಕು, ತಾನೇ ಬರೆದು, ತಾನೇ ಗುಂಡಿ ಒತ್ತುವಳು. ಬೆಳಿಗ್ಗೆ ಮಾವ ಬೋರ್ಡಿಗೆ ಬರೆದ ರೇಟು ಹತ್ತು ನಿಮಿಷದಲ್ಲಿ ವೆಬ್‌ಸೈಟಿನಲ್ಲಿ. ಮಂಗಳೂರಿನಿಂದ, ಸಾಗರದಿಂದ, ಹೊಳಲೂರಿನಿಂದ ಜನ ಪ್ರಶ್ನೆ ಕೇಳುವರು. ಇವಳು ಉತ್ತರ ಬರೆಯುವಳು. ಮುನ್ನೂರು ಜನರ ಪಾಯಸಕ್ಕೆ ಎಷ್ಟು ದೊಡ್ಡ ಕೊಪ್ಪರಿಗೆ, ಗ್ಯಾಸ್ ಒಲೆಗೆ ಚಪ್ಪಟೆ ತಳವೋ ದುಂಡು ತಳವೋ. ಉತ್ತರದಲ್ಲಿ ತಮಾಷೆಯೂ ಇರುತ್ತಿತ್ತು. "ದುಂಡು ತಳ ಗ್ಯಾಸಿನ ಮೇಲೆ ಬುಗುರಿಯಾಡುತ್ತದೆ, ಪಾಯಸ ನಿಮ್ಮ ಕಾಲಿಗೆ ಬಡಿಸಿಕೊಳ್ಳುತ್ತೀರಿ" ಎಂದು ಒಬ್ಬರಿಗೆ ಬರೆದಿದ್ದಳು. ಉತ್ತರದ ಕೊನೆಗೆ ಅಂಗಡಿಯ ಹೆಸರೇ ಹಾಕುತ್ತಿದ್ದಳು; ಎಂದೋ ಒಂದು ದಿನ ಕೈ ತಡೆಯದೆ ತನ್ನ ಹೆಸರು ಹಾಕಿಬಿಟ್ಟಳು.

ಆ ಉತ್ತರ ಹೋದದ್ದು ಭದ್ರಾವತಿಯ ಅಡುಗೆ ಕಾಂಟ್ರಾಕ್ಟರ್ ಓಬಯ್ಯನಿಗೆ. ಆಸಾಮಿ ನಾಲ್ಕು ದಿನ ಬಿಟ್ಟು ಲಗೇಜ್ ಆಟೊ ತಗೊಂಡು ಅಂಗಡಿಗೇ ಬಂದ. ಅಂಗಡಿ ತುಂಬಿತ್ತು.

"ತನುಜಾ ಮೇಡಂ ಇಲ್ವೇನ್ರೀ?"

ಗಲ್ಲಾದಲ್ಲಿ ಕೂತಿದ್ದ ಜ್ಞಾನೇಶ ತಲೆ ಎತ್ತಿದ. "ಏನು ಬೇಕಿತ್ತು?"

"ಕಡಾಯಿ ಬೇಕಿತ್ತು. ಮೇಡಂ ಹತ್ರ ಒಂದು ಮಾತು ಕೇಳಿ ತಗಳೋಣ ಅಂತ. ಭಾಳ ಚೆನ್ನಾಗಿ ತಿಳಿಸ್ತಾರೆ ಕಣ್ರೀ."

"ನಾನೇ ಹೇಳ್ತೀನಿ, ಕೇಳಿ."

"ನೀವು ಮಾರೋರು ಬಿಡಿ ಸಾರ್, ಎಲ್ಲಾದಕ್ಕೂ ದಪ್ಪ ಅಂತೀರಿ. ಮೇಡಂ ಅವರು ಬೇಡದ್ದನ್ನ ಬೇಡ ಅಂತ ಬರೀತಾರೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪಕ್ಕದ ಬಟ್ಟೆ ಅಂಗಡಿಯವನಂತೂ, "ಏನ್ ಜ್ಞಾನೇಶಪ್ಪ, ಯಜಮಾನ್ತಿ ಅಂಗಡಿನಾ ಇದು?" ಎಂದುಬಿಟ್ಟ. ಓಬಯ್ಯ ಕಡಾಯಿ ಕೊಂಡೇ ಹೋದ. ಆದರೆ ಆ ನಗು ಅಂಗಡಿಯಲ್ಲೇ ಉಳಿಯಿತು.

ಸಂಜೆ ಜಗದಾಂಬಾ ಮೆಲ್ಲಗೆ, "ಮನೆ ಹೆಣ್ಣುಮಕ್ಕಳ ಹೆಸರು ಬಜಾರಿನ ಬಾಯಲ್ಲಿ ಬರೋದು ಚೆಂದವೇನಮ್ಮಾ?" ಎಂದರು. ಜ್ಞಾನೇಶ ಶಿವಪ್ರಸಾದನಿಗೆ ಫೋನ್ ಹಚ್ಚಿದ. ಮರುದಿನ ಶಿವಪ್ರಸಾದ್ ಅಂಗಡಿಗೆ ಬಂದು ಒಂದು ಚಹಾ ಕುಡಿಯುವಷ್ಟು ಹೊತ್ತು ಕೂತು ಹೋದ. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಹೊಸದು ಅಂಗಡಿಯ ಇ-ಮೇಲಿಗೇ ಬರುತ್ತದೆ, ಅಷ್ಟೇ ಕೆಲಸ. ತನುಜಾ ಬೆಳಿಗ್ಗೆ ರೇಟು ಬರೆಯಲು ಕೂತರೆ ಮಾವನ ಹೆಸರಿನ ಬಾಗಿಲು ತೆರೆಯಲಿಲ್ಲ. ಗಂಡನ ಹೆಸರಿನದೂ ತೆರೆಯಲಿಲ್ಲ. ಅವಳ ಸ್ವಂತ ಹೆಸರಿನದು ಮಾತ್ರ ತೆರೆಯಿತು. ಬರೆದಳು. ಕಳಿಸಿದಳು. 'ಪರಿಶೀಲನೆಗೆ ಕಳಿಸಲಾಗಿದೆ' ಎಂಬರ್ಥದ ಒಂದು ಸಾಲು ಬಂತು, ಅಷ್ಟೇ.

"ಏನ್ರೀ ಮಾಡಿದ್ರಿ?"

"ಏನು ಮಾಡಿದೆ? ಬರೆಯೋಕೆ ನಿಂಗೆ ಯಾರೂ ಬೇಡ ಅಂದಿಲ್ವಲ್ಲ. ಬರಿ. ನಾನು ನೋಡಿ ಹಾಕ್ತೀನಿ. ಅಂಗಡಿ ಅಂದ್ಮೇಲೆ ಒಬ್ಬರ ಕಣ್ಣು ಇರಬೇಕು."

ತನುಜಾ ಮಾವನ ಹತ್ತಿರ ಹೋದಳು. ಅವರು ಜಪಮಣಿ ಕೆಳಗಿಟ್ಟು, ಸಮಾಧಾನವಾಗಿಯೇ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ. ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಹೂವೇ ಅಪ್ಪಣೆ ಕೊಟ್ಟಿತ್ತಲ್ಲ ಮಾವ" ಎಂದಳು.

"ಕೊಟ್ಟಿತ್ತು ತಾಯಿ. ನಾವು ಕೇಳಿದ್ದು ಯಾವುದನ್ನ ತರೋಣ ಅಂತ. ತಂದಿದ್ದೀವಿ. ಅದನ್ನ ನಡೆಸೋರು ಯಾರು ಅಂತ ನಾವು ಕೇಳಲೇ ಇಲ್ಲವಲ್ಲ?"

"ಹಂಗಾದ್ರೆ ಈಗ ಕೇಳಿ."

"ಗಂಡ ಹೆಂಡ್ತಿ ಮಧ್ಯೆ ದೇವರನ್ನ ಎಳೀಬಾರದಮ್ಮಾ." ಜಪಮಣಿ ಮತ್ತೆ ಕೈಗೆತ್ತಿಕೊಂಡರು.

ಅಲ್ಲಿಂದ ಮುಂದಿನದನ್ನು ಹೇಳುವುದಕ್ಕೇ ಬೇಸರ. ತನುಜಾ ಬರೆಯುವುದನ್ನು ಬಿಡಲಿಲ್ಲ. ಎಂದಾದರೂ ನೋಡಿ ಹಾಕುತ್ತಾನೆ ಎಂಬ ಆಸೆ. ಆ ವರ್ಷದ ಕೊನೆಗೆ ತಾಮ್ರ ದಡಬಡ ಬಿತ್ತು. ಹೊಸ ರೇಟು ಬರೆದಳು. ಇನ್ನಷ್ಟು ಬಿತ್ತು; ಬರೆದಳು. ಜ್ಞಾನೇಶ ನೋಡಲಿಲ್ಲ. ಸಿಟ್ಟಿಗೂ ಅಲ್ಲ, ಅವನಿಗೆ ಅದರ ನೆನಪೇ ಇರುತ್ತಿರಲಿಲ್ಲ. ವೆಬ್‌ಸೈಟಿನಲ್ಲಿ ಏರಿದ ರೇಟೇ ನಿಂತಿತು, ಗಿರಾಕಿಗಳು ದಾವಣಗೆರೆಗೆ ಹೋದರು. ಪ್ರಶ್ನೆ ಕೇಳಿದವರಿಗೆ ಉತ್ತರವಿಲ್ಲ. ಮುಂದಿನ ವರ್ಷ ಬೆಲೆ ಮತ್ತೆ ಏರತೊಡಗಿತು, ಅದನ್ನೂ ಬರೆದಳು. ಭೀಮೇಶ್ ಒಮ್ಮೆ ಫೋನ್ ಮಾಡಿ, "ಅಕ್ಕಾ, ಸೈಟು ಮಲಗಿಬಿಟ್ಟಿದೆಯಲ್ಲ, ಹುಷಾರಿದೀರಾ?" ಎಂದು ಕೇಳಿದ. "ಹುಷಾರಿದೀನಿ ಕಣೋ" ಎಂದಳು. ಬೇರೇನು ಹೇಳುವುದು? ಅವನು ಎಚ್ಚರಿಸಿದಾಗ ಬಾಯಿ ಮುಚ್ಚಿಸಿದವಳು ತಾನೇ.

ಅಡಿಕೆ ಕೊಯ್ಲು ಶುರುವಾಗಿ ಹಂಡೆಗಳಿಗೆ ಗಿರಾಕಿ ಬರುವ ಕಾಲ. ದೀಪಾವಳಿಗೆ ಹದಿನೈದು ದಿನವಿತ್ತು. ಪರಮೇಶ್ವರಪ್ಪನವರು ಮಗನಿಗೆ, "ಅದೇನೋ ವೆಬ್‌ಸೈಟು ಧೂಳು ಹಿಡಿದಿದೆಯಂತಲ್ಲೋ, ಸುಣ್ಣ ಬಣ್ಣ ಮಾಡಿಸು" ಎಂದರು. ಜ್ಞಾನೇಶ ಅಂಗಡಿಯಲ್ಲೇ ಕೂತು ಒಳಹೊಕ್ಕ. ಒಪ್ಪಿಗೆಗೆ ಕಾಯುತ್ತಿದ್ದ ಬರಹಗಳ ಪಟ್ಟಿ ಉದ್ದಕ್ಕೆ ಇಳಿಯಿತು, ಒಂದೊಂದರ ಮುಂದೂ ಕೆಂಪು ಗುರುತು. ಒಂದೊಂದಾಗಿ ಓದುವ ಪುರುಸೊತ್ತು ಯಾರಿಗಿದೆ? ಮೇಲೆ ಒಂದು ಚೌಕವಿತ್ತು, ಒತ್ತಿದರೆ ಎಲ್ಲಕ್ಕೂ ಒಟ್ಟಿಗೆ ಗುರುತು ಬೀಳುತ್ತದೆ. ಒತ್ತಿದ. ಪ್ರಕಟಿಸು ಎಂಬುದನ್ನೂ ಒತ್ತಿದ. ಮೈಮುರಿದು ಚಹಾ ಕುಡಿಯಲು ಎದ್ದ.

ಒಂದೂವರೆ ವರ್ಷದ ಎಲ್ಲ ರೇಟುಗಳೂ ಒಟ್ಟಿಗೆ ಎದ್ದು ನಿಂತವು. ಒಂದೇ ಹಂಡೆಗೆ ಹತ್ತಾರು ಬೆಲೆ, ಎಲ್ಲಕ್ಕಿಂತ ಕಡಿಮೆಯದು ಈಗಿನದರ ಅರ್ಧವೂ ಇಲ್ಲ. ಒಂದೊಂದರ ಕೆಳಗೂ 'ಬರೆದವರು: ತನುಜಾ'.

ಮೂರನೆಯ ದಿನ ಮೂವರು ಬೆಳೆಗಾರರು ಪ್ರಿಂಟು ಹಿಡಿದು ಬಂದರು. ಕಡಿಮೆಯದನ್ನೇ ಸುತ್ತು ಹಾಕಿ ತಂದಿದ್ದರು. ನಂತರ ಇನ್ನಿಬ್ಬರು. ಪರಮೇಶ್ವರಪ್ಪನವರು ಆ ರೇಟಿಗೇ ಕೊಟ್ಟರು. ಆರನೆಯವನು ಬಂದಾಗ ಅಂಗಡಿಯ ಬಾಗಿಲು ಎಳೆಸಿದರು. ನಡುವಿನ ಬಾಗಿಲಿನಿಂದ ಒಳಗೆ ಬಂದು, ಎಂದೂ ಎತ್ತದ ದನಿಯಲ್ಲಿ ಕೂಗಿದರು.

"ಯಾರು ಬರೆದಿದ್ದು ಇದನ್ನ?"

ಅಡುಗೆಮನೆಯಿಂದ ತನುಜಾ ಬಂದಳು. ಜ್ಞಾನೇಶ ಅಪ್ಪನ ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತ. ಜಗದಾಂಬಾ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು. ಪರಮೇಶ್ವರಪ್ಪನವರು ಕಾಗದವನ್ನು ಸೊಸೆಯ ಮುಂದೆ ಹಿಡಿದರು. ಹೆಸರು ದಪ್ಪ ಅಕ್ಷರದಲ್ಲಿತ್ತು.

"ನಾನೇ ಮಾವ ಬರೆದಿದ್ದು."

"ಬುದ್ಧಿ ಬೇಡವೇನಮ್ಮಾ? ಮನೆ ಮುಳುಗಿಸೋಕೆ ಬರೆದಿದ್ಯಾ?"

"ಬರೆದ ದಿನ ಆ ರೇಟು ಸರಿಯಾಗಿತ್ತು. ನೀವೇ ಬೋರ್ಡಿನ ಮೇಲೆ ಬರೆದಿದ್ದು ಅದು. ಬರೆದೋರ ಹೆಸರನ್ನ ಅದು ತೋರಿಸುತ್ತೆ ಮಾವ. ಹಾಕಿದೋರ ಹೆಸರನ್ನ ತೋರಿಸಲ್ಲ."

ತನುಜಾ ಗಂಡನ ಕಡೆ ನೋಡಿದಳು. ಒಂದು ಮಾತು ಸಾಕಿತ್ತು: ನಾನು ಒತ್ತಿದ್ದು ಅಪ್ಪಾಜಿ, ನೋಡದೆ ಒತ್ತಿದೆ. ಅಷ್ಟು ಹೇಳಿದ್ದರೆ ಹಳೆಯದನ್ನೆಲ್ಲ ಅವಳು ಮರೆಯುತ್ತಿದ್ದಳೇನೋ. ಜ್ಞಾನೇಶ ಕೈಯಲ್ಲಿದ್ದ ಬೀಗದ ಗೊಂಚಲನ್ನು ಬೆರಳಿಗೆ ಸುತ್ತುತ್ತ, "ನಾನು ಆವತ್ತೇ ಹೇಳಿದ್ದೆ, ಶಿವಪ್ರಸಾದಂದೇ ತಗಳ್ಳೋಣ ಅಂತ" ಎಂದ.

ಪರಮೇಶ್ವರಪ್ಪನವರಿಗೆ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಅಷ್ಟು ವರ್ಷ ವ್ಯಾಪಾರ ಮಾಡಿದ ಮನುಷ್ಯ, ಎದುರಿಗಿದ್ದವರ ಕಣ್ಣು ನೋಡಿ ತಗಡಿನ ದಪ್ಪ ಹೇಳುವವರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. "ಆಗಿದ್ದಾಯ್ತು. ಮೊದ್ಲು ಅದನ್ನೆಲ್ಲ ಅಳಿಸಿ" ಎಂದು ಹೊರಟುಹೋದರು. ಗೊತ್ತಿದ್ದೂ ಹೊರಟುಹೋದರು. ಅದನ್ನು ತನುಜಾ ಕಂಡಳು.

ಅಳಿಸುವುದು ಜ್ಞಾನೇಶನಿಗೆ ಬರುತ್ತಿರಲಿಲ್ಲ. ಹಾಕುವುದಕ್ಕೆ ಒಂದು ಗುಂಡಿ ಸಾಕಾಗಿತ್ತು. ಈಗ ಬೇಕಾದ್ದು ಬೇಡದ್ದು ಆರಿಸಿ ತೆಗೆಯಬೇಕು, ಯಾವುದು ಯಾವಾಗಿನದೆಂದು ಬರೆದವಳಿಗೇ ಗೊತ್ತು. ಶಿವಪ್ರಸಾದನಿಗೆ ಫೋನ್ ಮಾಡಿದರೆ ಮುಂದಿನ ವಾರ ಎಂದ. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಜ್ಞಾನೇಶ ಹೆಂಡತಿಯ ಹತ್ತಿರ ಬಂದು, ಮುಖ ನೋಡದೆ, ಮೇಲಿನ ಹೆಸರಿನ ಪಾಸ್‌ವರ್ಡನ್ನು ಬಾಯಲ್ಲೇ ಹೇಳಿದ. "ಅದೆಲ್ಲ ತೆಗೆದುಬಿಡು ಮಾರಾಯ್ತಿ. ನಾನೊಂದು ಗಳಿಗೆ ಅಡ್ಡಾಗ್ತೀನಿ."

ಒಂದೂವರೆ ವರ್ಷದ ಮೇಲೆ ತನುಜಾ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಕೂತಳು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಪಾಸ್‌ವರ್ಡು ಬದಲಾಯಿಸಬಹುದಿತ್ತು, ಇ-ಮೇಲ್ ವಿಳಾಸವನ್ನು ತನ್ನದಕ್ಕೆ ತಿರುಗಿಸಬಹುದಿತ್ತು. ಆಮೇಲೆ ಯಾವ ಶಿವಪ್ರಸಾದನಿಂದಲೂ ಅಷ್ಟು ಸುಲಭಕ್ಕೆ ಆಗುತ್ತಿರಲಿಲ್ಲ. ಬೆರಳು ಅಲ್ಲಿಯವರೆಗೂ ಹೋಯಿತು. ಹೋಗಿ ನಿಂತಿತು. ಬದಲಾಯಿಸಿ ಏನು ಮಾಡುವುದು? ನಾಳೆ ಇದೇ ಮನೆಯಲ್ಲಿ ಇವರಿಗೇ ಸಾರು ಬಡಿಸಬೇಕು. ಕದ್ದು ಗೆದ್ದ ಕೌಂಟರಿನ ಹಿಂದೆ ನಿಂತು ಅವಳಮ್ಮ ಎಂದೂ ತಕ್ಕಡಿ ಹಿಡಿದಿರಲಿಲ್ಲ. ಇಷ್ಟಕ್ಕೂ, ಬೇಕೆನ್ನುವ ಆಸೆಯೇ ನಿನ್ನೆ ಆ ಗೋಡೆಯ ಹತ್ತಿರ ಬಿದ್ದುಹೋಗಿತ್ತು.

ಒಂದೊಂದಾಗಿ ತೆಗೆಯತೊಡಗಿದಳು. ಬಿದ್ದ ರೇಟು, ಎದ್ದ ರೇಟು. ಕಲಾಯಿಯ ಬರಹ. ಪಾಯಸದ ಕೊಪ್ಪರಿಗೆಯ ಬರಹ. ಅದರಲ್ಲಿ ತಪ್ಪೇನೂ ಇರಲಿಲ್ಲ, ಆದರೂ ತೆಗೆದಳು. ಪ್ರತಿ ಸಲವೂ ಯಂತ್ರ, ಖಂಡಿತವೇ ಎಂದು ಕೇಳುತ್ತಿತ್ತು. ಆ ಮನೆಯಲ್ಲಿ ಅವಳನ್ನು ಹಾಗೆ ಕೇಳಿದ್ದು ಅದೊಂದೇ ಇರಬೇಕು. ಆವತ್ತಿನ ಸರಿಯಾದ ರೇಟನ್ನು ಮಾವನ ಹೆಸರಿನಲ್ಲಿ ಬರೆದು ಹಾಕಿದಳು. ಆಮೇಲೆ ಕೆಲಸಗಾರರ ಪಟ್ಟಿ ತೆರೆದು, ಕೆಳಗಿನ ಮೆಟ್ಟಿಲಿನಲ್ಲಿದ್ದ ತನ್ನ ಹೆಸರಿಗೆ ಗುರುತು ಹಾಕಿ, ಅದನ್ನೂ ಅಳಿಸಿದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ಜ್ಞಾನೇಶ ಅಂಗಡಿಯಿಂದಲೇ ಕೂಗಿದ: "ತನುಜಾ, ರೇಟು ಬದಲಾಗಿದೆ, ಬರೆದು ಕಳಿಸು. ಈ ಸಲ ನಾನು ನೋಡೇ ಹಾಕ್ತೀನಿ."

"ನನಗೆ ಅಲ್ಲಿ ಬರೆಯೋಕಾಗಲ್ಲರೀ."

"ಯಾಕೆ?"

"ನನ್ನ ಹೆಸರೇ ಇಲ್ಲ ಅ‍ಲ್ಲಿ. ತೆಗೆದುಬಿಟ್ಟೆ."

"ಮತ್ತೆ ಹಾಕ್ಕೋ ಅದಕ್ಕೇನು."

"ಹಾಕೋ ಅಧಿಕಾರ ಮೇಲಿನೋರಿಗೆ ಇರೋದು" ಎಂದಳು ತನುಜಾ. ಅಕ್ಕಿ ಆರಿಸುವ ಮೊರದಿಂದ ತಲೆ ಎತ್ತಲಿಲ್ಲ.

ಜ್ಞಾನೇಶ ಬಾಗಿಲಿಗೆ ಬಂದು ನಿಂತ. ಬೈಯಲು ಬಾಯಿ ತೆರೆದವನು, ಅಂಗಡಿಯಲ್ಲಿ ಗಿರಾಕಿ ಕೂಗಿದ್ದಕ್ಕೆ ತಿರುಗಿ ಹೋದ. ವೆಬ್‌ಸೈಟಿನ ಮೇಲೆ ತನುಜಾ ಎರಡು ದಿನದ ಹಿಂದೆ ಹಾಕಿದ ರೇಟೇ ಹಾಗೇ ಉಳಿಯಿತು.